ನನ್ನ ಕೈ, ಪಾನಿ ಡನುತಾರ ನಾಲಿಗೆ

ನಮ್ಮ ಪಕ್ಕದೂರು ಮಾನ್ಮತ್ ಜಂಕ್ಷನ್ನಿನ ಮೇಘನಾ ಎಂಬ ಹುಡುಗಿ ಐಟಿ ಕೆಲಸ ಬಿಟ್ಟು ಸೂಪು ಮಾಡಿ ಮಾರುವ ಅಡುಗೆಮನೆ ತೆರೆಯಲು ಹೊರಟಿದ್ದಾಳೆ. ಈಚೆಗೆ ಫೋನ್ ಮಾಡಿ, “ಆಂಟಿ, ನೀವು ಅಷ್ಟು ವರ್ಷ ಬೋರ್ಶ್ ಮಾಡಿದೀರಂತಲ್ಲ, ಒಂದು ಆಥೆಂಟಿಕ್ ರೆಸಿಪಿ ವಾಟ್ಸಾಪ್ ಮಾಡ್ತೀರಾ?” ಎಂದು ಕೇಳಿದಳು.

“ಯಾವ ಬೋರ್ಶ್?” ಅಂದೆ.

“ಅದೇ ಆಂಟಿ, ಆ ಕೆಂಪು ಸೂಪು, ಬೀಟ್ರೂಟ್‌ದು.”

ನನಗೆ ನಗು ಬಂತು. ಮೈಸೂರಿಗೆ ಹೋಗಿ ಯಾರಾದರೂ ‘ಸಾರಿನ ರೆಸಿಪಿ ಕೊಡಿ’ ಎಂದರೆ ಮನೆಗೊಂದು ಬಗೆ ಹೇಳುತ್ತಾರೆ, ಪ್ರತಿಯೊಬ್ಬರೂ ಪಕ್ಕದ ಮನೆಯದನ್ನು ನೀರುನೀರು ಎನ್ನುತ್ತಾರೆ. ಬೋರ್ಶಿನ ಕಥೆಯೂ ಅಷ್ಟೇ. ಅದರ ಹೆಸರಿನ ಕೊನೆಯಲ್ಲಿ ಒಂದು ‘ಟ’ಕಾರ ಇದೆಯೋ ಇಲ್ಲವೋ ಎಂಬುದರ ಮೇಲೆಯೇ ಜಗಳವಾದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಾನು ಬೋರ್ಶ್ ಎಂದೇ ಕರೆಯುತ್ತೇನೆ. ರೆಸಿಪಿ ಫೋನಿನಲ್ಲಿ ಬೇಕಾದಷ್ಟು ಸಿಗುತ್ತದೆ. ಆ ಕೆಲಸ ಹೇಗಿರುತ್ತದೆ ಎಂಬುದು ಸಿಗುವುದಿಲ್ಲವಾದ್ದರಿಂದ ಅವಳಿಗೆ, ಅವಳಂತೆ ಸೊಂಟಕ್ಕೆ ಏಪ್ರನ್ ಕಟ್ಟಲು ಹೊರಟಿರುವ ನಮ್ಮ ಹುಡುಗ ಹುಡುಗಿಯರಿಗೆ ಇಷ್ಟನ್ನು ಬರೆಯುತ್ತಿದ್ದೇನೆ.

ನಾನು ಆ ಕೆಲಸಕ್ಕೆ ಅರ್ಜಿ ಹಾಕಿ ಸೇರಿದವಳಲ್ಲ. ನಮ್ಮ ಮನೆ ಬ್ರೂಕ್ಲಿನ್ನಿಗೆ ಹತ್ತಿರದ ಎಡಿಸನ್‌ನಲ್ಲಿ. ರೂಟ್ ಟ್ವೆಂಟಿಸೆವೆನ್ ಹೆದ್ದಾರಿ ಹಿಡಿದು ಲಿಂಡನ್ ಕಡೆಗೆ ಹೋಗುತ್ತಿದ್ದಾಗ ಒಂದು ಬೆಳಗ್ಗೆ ಕಾರು ಕೆಟ್ಟು ನಿಂತಿತು. ಗ್ಯಾರೇಜಿನವನು ಮಧ್ಯಾಹ್ನದವರೆಗೆ ಕಾಯಬೇಕು ಎಂದ. ಪಕ್ಕದಲ್ಲಿ ಪೋಲೆಂಡಿನವರ ಒಂದು ಪುಟ್ಟ ಸೂಪಿನ ಅಂಗಡಿ. ಚಳಿ ತಡೆಯಲಾರದೆ ಒಳಗೆ ಹೋಗಿ ಟೀ ಹೇಳಿ ಕೂತೆ. ಕೂತದ್ದೇ ತಡ, ಮೂಗಿಗೆ ಬಡಿಯಿತು ಸಬ್ಬಸಿಗೆ ಸೊಪ್ಪಿನ ಘಮ! ಕೌಂಟರಿನ ಮೇಲೆ ಮೈಸೂರಿನ ದೇವರಾಜ ಮಾರ್ಕೆಟ್ಟಿನಿಂದ ಈಗ ತಾನೇ ಬಂದ ಹಾಗೆ ಸಬ್ಬಸಿಗೆಯ ರಾಶಿ. ಆ ಊರಿನಲ್ಲಿ ನನ್ನ ತವರಿನ ಸೊಪ್ಪನ್ನು ಇಷ್ಟೊಂದು ತಿನ್ನುವವರು ಇದ್ದಾರೆಂದು ನನಗೆ ಗೊತ್ತೇ ಇರಲಿಲ್ಲ. ದಪ್ಪ ಕೈಗಳ, ಬಿಳಿ ಟೊಪ್ಪಿಗೆಯ ಹೆಂಗಸೊಬ್ಬರು ಅದನ್ನು ದಂಟು ಸಮೇತ ಕೊಚ್ಚಲು ಹೊರಟಿದ್ದರು. ಸುಮ್ಮನೆ ಕೂರಲಾರದ ಜೀವ ನನ್ನದು. ಎದ್ದು ಹೋಗಿ, ಅಪ್ಪಣೆ ಕೇಳುವ ಹಾಗೆ ನೋಡಿ, ಸೊಪ್ಪು ಬಿಡಿಸತೊಡಗಿದೆ. ಎಳೆಯದು ಒಂದು ಕಡೆ, ಬಲಿತ ದಂಟು ಒಂದು ಕಡೆ. ಆಕೆ ಚಾಕು ಕೆಳಗಿಟ್ಟು ನೋಡುತ್ತ ನಿಂತರು. ಕಾರು ರಿಪೇರಿಯಾಗುವ ಹೊತ್ತಿಗೆ ನನಗೆ ಕೆಲಸ ಸಿಕ್ಕಿತ್ತು.

ಮನೆಯಲ್ಲಿ ಹೇಳಿದಾಗ ನಮ್ಮ ಯಜಮಾನರು ಪೇಪರ್ ಮಡಿಸಿಟ್ಟು, “ಅಲ್ಲ ಕಣೇ, ಮಾಂಸ ಬೇಯಿಸೋ ಕಡೆ ಹೋಗಿ ಏನ್ ಮಾಡ್ತೀಯ ನೀನು?” ಎಂದರು.

“ಸೊಪ್ಪು ಬಿಡಿಸ್ತೀನಿ. ತರಕಾರಿ ಹೆಚ್ತೀನಿ. ಮಾಂಸದ ತಂಟೆಗೆ ಹೋಗಲ್ಲ.”

ಮಗಳು ಅನಘಾ ಮಾತ್ರ ಫೋನಿನಿಂದ ತಲೆ ಎತ್ತದೆ, “ಅಮ್ಮಾ, ಇಟ್ಸ್ ಜಸ್ಟ್ ಸೂಪ್. ಗೋ ಫಾರ್ ಇಟ್,” ಎಂದಳು. ಮಕ್ಕಳು ಕೆಲವೊಮ್ಮೆ ತಮಗೆ ಗೊತ್ತಿಲ್ಲದೆಯೇ ದೊಡ್ಡ ಉಪಕಾರ ಮಾಡಿಬಿಡುತ್ತಾರೆ.

ಕೆಲಸದ ಮೊದಲ ದಿನವೇ ನಗೆಪಾಟಲಾದೆ. ನಾನು ಒಳಗೆ ಬೀಟ್ರೂಟ್ ತುರಿಯುತ್ತಿದ್ದೆ. ಗಿರಾಕಿಯೊಬ್ಬರು ಬಾಗಿಲಲ್ಲಿ ನಿಂತು “ಪಾನಿ! ಪಾನಿ!” ಎಂದು ಕೂಗಿದರು. ಪಾಪ, ಬಾಯಾರಿದೆ, ನಮ್ಮವರ ಅಂಗಡಿಗಳಿರುವ ಓಕ್ ಟ್ರೀ ರೋಡಿನಲ್ಲಿ ಯಾರೋ ಕಲಿಸಿದ ಹಿಂದಿ ಇರಬೇಕು ಎಂದುಕೊಂಡು ಒಂದು ಲೋಟ ನೀರು ತಂದುಕೊಟ್ಟೆ. ಅವರು ಥ್ಯಾಂಕ್ಯೂ ಹೇಳಿ ಕುಡಿದು, ಮತ್ತೆ “ಪಾನಿ ಡನುತಾ!” ಎಂದರು. ಇನ್ನೊಂದು ಲೋಟ ತಂದೆ. ಮೂರನೆಯ ಲೋಟದ ಹೊತ್ತಿಗೆ ಟೊಪ್ಪಿಗೆಯ ಹೆಂಗಸು ಗೋಡೆ ಹಿಡಿದುಕೊಂಡು ನಗುತ್ತಿದ್ದರು. ಪಾನಿ ಎಂದರೆ ಪೋಲೆಂಡಿನ ಭಾಷೆಯಲ್ಲಿ ಅಮ್ಮನವರು ಎಂಬಂಥ ಮರ್ಯಾದೆಯ ಮಾತು. ಟೊಪ್ಪಿಗೆಯ ಆ ಹೆಂಗಸಿನ ಹೆಸರೇ ಡನುತಾ. ಅಂಗಡಿಯ ಒಡತಿ, ಮುಖ್ಯ ಅಡುಗೆಯವರು, ನನ್ನ ಮೇಲಧಿಕಾರಿ. ಅಂದಿನಿಂದ ನನ್ನ ಬಾಯಲ್ಲಿ ಅವರು ಪಾನಿ ಡನುತಾ. ವಿಶಾಲಾಕ್ಷಿ ಎಂಬ ನನ್ನ ಹೆಸರು ಅವರ ಬಾಯಲ್ಲಿ ವಿಶಾ ಆಯಿತು. ತರಕಾರಿ ಲಾರಿಯವನಿಗೆ ಅದೂ ಬಾರದೆ ‘ವೀಸಾ’ ಎನ್ನುತ್ತಿದ್ದ. ನಮ್ಮವರೆಲ್ಲ ವೀಸಾಕ್ಕಾಗಿ ಪರದಾಡುವ ಊರಿನಲ್ಲಿ ನನಗೆ ಅದು ಹೆಸರಾಗಿಯೇ ಬಂತು!

ಪಾನಿ ಡನುತಾರ ಅಡುಗೆಮನೆಯ ಮೊದಲ ಕಾನೂನು, ರುಚಿ ನೋಡು. ಅವರ ಏಪ್ರನ್ ಜೇಬಿನಲ್ಲಿ ಪೆನ್ನಿನ ಹಾಗೆ ಸದಾ ಒಂದು ಚಮಚ ಇರುತ್ತಿತ್ತು. ಈರುಳ್ಳಿ ಹಾಕಿದ ಮೇಲೆ ರುಚಿ, ಎಲೆಕೋಸು ಹಾಕಿದ ಮೇಲೆ ರುಚಿ, ಇಳಿಸುವ ಮುಂಚೆ ರುಚಿ. ಎರಡನೆಯ ಕಾನೂನು, ರುಚಿ ನೋಡಿ ‘ನೈಸ್’ ಎನ್ನಬಾರದು. “ನೈಸ್ ಅನ್ನೋದು ರುಚಿ ಅಲ್ಲ. ಏನು ಕಡಿಮೆ, ಏನು ಹೆಚ್ಚು, ಅದು ಹೇಳು. ಹೇಳೋಕೆ ಬರದಿದ್ರೆ ಅಡುಗೆಮನೆಯಿಂದ ಆಚೆ ಹೋಗು,” ಎನ್ನುತ್ತಿದ್ದರು. ಅವರ ಇಂಗ್ಲಿಷು ಪೋಲೆಂಡಿನದು, ನನ್ನದು ಮೈಸೂರಿನ ಒಂಟಿಕೊಪ್ಪಲಿನದು. ಎರಡಕ್ಕೂ ವ್ಯಾಕರಣ ಇಲ್ಲದ್ದರಿಂದ ನಮ್ಮಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಬಹಳ ಬೇಗ ಅರ್ಥವಾಗುತ್ತಿತ್ತು.

ತೊಂದರೆ ಏನೆಂದರೆ, ನಾನು ರುಚಿ ನೋಡುವವಳಲ್ಲ. ನಮ್ಮತ್ತೆಯ ಮನೆಯಲ್ಲಿ ದೇವರ ನೈವೇದ್ಯಕ್ಕೆ ಮುಂಚೆ ಏನನ್ನೂ ಬಾಯಿಗೆ ಹಾಕುವ ಹಾಗಿರಲಿಲ್ಲ. ಹಬ್ಬದ ದಿನ ಮನೆ ತುಂಬ ಜನ, ದೊಡ್ಡ ಕೊಳದಪ್ಪಲೆಯ ತುಂಬ ಹುಳಿ, ಒಂದು ಹನಿಯೂ ನಾಲಿಗೆಗೆ ತಗುಲುವಂತಿಲ್ಲ. ಉಪ್ಪು ಅಂಗೈಯ ಗುಳಿಯ ಅಳತೆ. ಹುಳಿ ಬಣ್ಣದ ಅಳತೆ. ಬೆಂದಿತೇ ಎಂಬುದಕ್ಕೆ ಕುದಿಯುವ ಸದ್ದಿನ ಅಳತೆ. ನಮ್ಮತ್ತೆ ಪಡಸಾಲೆಯಿಂದಲೇ ಕಿವಿಗೊಟ್ಟು, “ವಿಶಾಲಾ, ಬೇಳೆ ತಳ ಹತ್ತುತ್ತಾ ಇದೆ ನೋಡು,” ಎನ್ನುತ್ತಿದ್ದರು. ಆ ಪಾಠ ಮೈಗಂಟಿತ್ತು. ಸಾಲದ್ದಕ್ಕೆ ಬೋರ್ಶಿನಲ್ಲಿ ಅರ್ಧಕ್ಕರ್ಧ ಮಾಂಸದ ಸಾರಿನವು. ಅವನ್ನಂತೂ ಬಾಯಿಗಿಡುವ ಮಾತೇ ಇಲ್ಲ.

ಸ್ವಲ್ಪ ದಿನ ಮರೆಮಾಚಿದೆ. ಚಮಚ ಎತ್ತಿ, ಬಾಯ ಹತ್ತಿರ ತಂದು, ಆ ಕಡೆ ತಿರುಗಿ ಸಿಂಕಿಗೆ ಚೆಲ್ಲುತ್ತಿದ್ದೆ. ಪಾನಿ ಡನುತಾ ನೋಡಿಬಿಟ್ಟರು. “ನನ್ನ ಸೂಪು ಅಷ್ಟು ಕೆಟ್ಟದಾಗಿದೆಯಾ?” ಎಂದು ಕೆಂಪಾದರು. ಬೇರೆ ದಾರಿ ಇಲ್ಲದೆ ಎಲ್ಲ ಹೇಳಿದೆ. ದೇವರು, ನೈವೇದ್ಯ, ಕಡೆಗೆ ಎಂಜಲು. ಎಂಜಲು ಎಂಬ ಮಾತಿಗೆ ಇಂಗ್ಲಿಷಿನಲ್ಲಿ ಏನು ಹೇಳುವುದು? ಕೈಸನ್ನೆ ಮಾಡಿ ತೋರಿಸಿದೆ: ಚಮಚ ಬಾಯಿಗೆ ಹೋಯಿತು, ಅದೇ ಚಮಚ ಪಾತ್ರೆಗೆ ಬಂತು, ಈಗ ಪಾತ್ರೆಯೆಲ್ಲ ಎಂಜಲು. ಅವರು ನನ್ನನ್ನೂ ತಮ್ಮ ಜೇಬಿನ ಚಮಚವನ್ನೂ ಬದಲಿಸಿ ಬದಲಿಸಿ ನೋಡಿದರು.

“ಹೆಲ್ತ್ ಇನ್‌ಸ್ಪೆಕ್ಟರೂ ನನಗೆ ಇದೇ ಹೇಳಿ ಬೈದು ಹೋದ. ಅವನೂ ನಿಮ್ಮ ದೇವರ ಕಡೆಯವನಾ?”

ಆಮೇಲೆ ಒಂದು ಪಾತ್ರೆ ಮುಂದಿಟ್ಟು, “ಮಾಡು. ರುಚಿ ನೋಡದೆ ಮಾಡು,” ಎಂದರು. ಮಾಂಸವಿಲ್ಲದ ಎಲೆಕೋಸಿನ ಬೋರ್ಶ್ ಮಾಡಿದೆ. ಅವರು ಹೊಸ ಚಮಚ ತೆಗೆದುಕೊಂಡು ಬಾಯಿಗೆ ಹಾಕಿ, “ಮೆಣಸು ಹೆಚ್ಚು. ಬೇರೆ ಏನೂ ಹೇಳೋಕಿಲ್ಲ,” ಎಂದರು. ಅಲ್ಲಿಗೆ ಒಪ್ಪಂದವಾಯಿತು. ಮಾಂಸ ಬೇಯಿಸಿಡುವುದು ಅವರು, ಮಿಕ್ಕದ್ದೆಲ್ಲ ನಾನು ಮಾಡುವುದು, ಅವರು ರುಚಿ ನೋಡುವುದು. “ನಿನ್ನ ಕೈ, ನನ್ನ ನಾಲಿಗೆ,” ಎಂದು ಕೈ ಕುಲುಕಿದರು. ಅಂದಿನಿಂದ ಚಮಚಗಳಿಗೆ ಎರಡು ಡಬ್ಬಿ ಬಂದವು, ಒಂದು ಹೊಸದಕ್ಕೆ, ಒಂದು ಬಾಯಿಗೆ ಹೋದದ್ದಕ್ಕೆ. ಯಾರಾದರೂ ಮರೆತರೆ ಸಾಕು, ಪಾನಿ ಡನುತಾ ಬಾಯ್ತುಂಬ “ಎಂಜಲು!” ಎಂದು ಗುಡುಗುತ್ತಿದ್ದರು. ಅವರು ಕಲಿತ ಮೊದಲ ಕನ್ನಡ ಪದ ಅದು. ‘ಳ’ಕಾರ ಇಲ್ಲದ ಪದವಾದ್ದರಿಂದ ಉಚ್ಚಾರಣೆ ಕೂಡ ಪರವಾಗಿರಲಿಲ್ಲ.

ಈಗ ಬೋರ್ಶಿನ ವಿಷಯ. ಮೇಘನಾ, ನೀನು ಕಾಯುತ್ತಿರುವುದು ಇದಕ್ಕೇ ಎಂದು ಗೊತ್ತು. ನಾನು ಕಂಡುಕೊಂಡದ್ದು ಇಷ್ಟು: ಬೋರ್ಶ್ ಎಂದರೆ ಹುಳಿ. ನಾವು ನಮ್ಮ ಕಡೆ ತೊಗರಿಬೇಳೆ, ತರಕಾರಿ ಹಾಕಿ ಮಾಡುವುದಕ್ಕೂ ಹುಳಿ ಎನ್ನುತ್ತೇವೆ, ನಾಲಿಗೆಯ ರುಚಿಗೂ ಹುಳಿ ಎನ್ನುತ್ತೇವೆ. ಅವರದೂ ಹಾಗೆಯೇ. ಬೀಟ್ರೂಟು ಎಲ್ಲರ ಮನೆಯಲ್ಲೂ ಒಂದೇ. ಹುಳಿ ಎಲ್ಲಿಂದ ಬರುತ್ತದೆ ಎನ್ನುವುದರಲ್ಲಿ ಊರು ಬದಲಾಗುತ್ತದೆ. ಉಕ್ರೇನಿನವರು ಬೀಟ್ರೂಟನ್ನು ಎಣ್ಣೆಯಲ್ಲಿ ಬಾಡಿಸುವಾಗಲೇ ಟೊಮೆಟೊ, ಒಂದಿಷ್ಟು ವಿನೆಗರ್ ಹಾಕಿ ಬಣ್ಣ ಹಿಡಿದಿಡುತ್ತಾರೆ. ಎಲೆಕೋಸು, ಆಲೂಗಡ್ಡೆ, ಹುರುಳಿಕಾಯಿಯ ಒಣ ಬೀಜ ಹಾಕಿ ಚಮಚ ನಿಲ್ಲುವಷ್ಟು ಗಟ್ಟಿ ಮಾಡುತ್ತಾರೆ, ಕೊನೆಗೆ ಜಜ್ಜಿದ ಬೆಳ್ಳುಳ್ಳಿ. ಬ್ರೂಕ್ಲಿನ್ನಿನಿಂದ ಬರುತ್ತಿದ್ದ ಯೆಹೂದಿ ಅಜ್ಜನಿಗೆ ನಿಂಬೆಹಣ್ಣು, ಸಕ್ಕರೆ ಹಾಕಿದ ತಣ್ಣನೆಯ ಬೋರ್ಶ್ ಆಗಬೇಕು, ಅದರಲ್ಲಿ ಮುಳುಗಿಸಿದ ಒಂದು ಬಿಸಿ ಆಲೂಗಡ್ಡೆ. ಲಿಥುವೇನಿಯಾದವರು ಬೇಸಿಗೆಯಲ್ಲಿ ಕೇಳುತ್ತಿದ್ದದ್ದು ಹುಳಿ ಮಜ್ಜಿಗೆಗೆ ಬೀಟ್ರೂಟ್ ತುರಿ, ಸೌತೆಕಾಯಿ, ಸಬ್ಬಸಿಗೆ ಹಾಕಿದ ಗುಲಾಬಿ ಬಣ್ಣದ್ದು. ಅದನ್ನು ಡಬ್ಬಿಯಲ್ಲಿ ಮನೆಗೆ ತಂದಾಗ ನಮ್ಮ ಯಜಮಾನರು “ಇದೇನು ಹೊಸದಾ, ಬೀಟ್ರೂಟ್ ಮೊಸರುಬಜ್ಜಿ ಅಲ್ವಾ?” ಎಂದು ಅನ್ನಕ್ಕೆ ಕಲಸಿಕೊಂಡು ಎರಡನೆಯ ಸಲ ಬಡಿಸಿಕೊಂಡರು.

ಒಂದು ಮಧ್ಯಾಹ್ನ ಆ ಯೆಹೂದಿ ಅಜ್ಜನೂ ಉಕ್ರೇನಿನ ನರ್ಸಮ್ಮ ಒಬ್ಬರೂ ಬೋರ್ಶಿಗೆ ಸಕ್ಕರೆ ಹಾಕಬಹುದೇ ಎಂದು ಶುರುಮಾಡಿ, ಕೂಗಾಡಿ, ಇಬ್ಬರ ಸೂಪೂ ಆರಿ ತಣ್ಣಗಾಯಿತು. ಅಜ್ಜನಿಗೇನೋ ತಣ್ಣಗಾದದ್ದೇ ಬೇಕಿತ್ತು. ನನ್ನನ್ನು ನ್ಯಾಯ ಕೇಳಿದರು. ನಮ್ಮಲ್ಲಿ ಸಾರಿಗೆ ಬೆಲ್ಲ ಹಾಕುವವರಿಗೂ ಹಾಕದವರಿಗೂ ಹೆಣ್ಣು ಕೊಟ್ಟು ತಂದ ಮೇಲೂ ಈ ವ್ಯಾಜ್ಯ ಮುಗಿದಿಲ್ಲ ಎಂದು ಹೇಳಿದೆ. ಇಬ್ಬರಿಗೂ ಬಹಳ ಸಮಾಧಾನವಾಯಿತು. ನಮಗಷ್ಟೇ ಇಲ್ಲ ಈ ಹುಚ್ಚು ಎಂದು ತಿಳಿದರೆ ಮನುಷ್ಯರಿಗೆ ಏನೋ ಧೈರ್ಯ ಬರುತ್ತದೆ.

ಇನ್ನು ಪೋಲೆಂಡಿನ ಬೋರ್ಶ್. ಅದನ್ನು ಕಲಿತದ್ದು ನನ್ನ ದೊಡ್ಡ ಎಡವಟ್ಟಿನಿಂದ. ಕ್ರಿಸ್ಮಸ್ ಹಿಂದಿನ ದಿನ ಅವರದು ಒಪ್ಪೊತ್ತು. ಆಕಾಶದಲ್ಲಿ ಮೊದಲ ನಕ್ಷತ್ರ ಕಾಣುವವರೆಗೆ ಊಟವಿಲ್ಲ, ಆಮೇಲೂ ಮಾಂಸವಿಲ್ಲ. ಆ ರಾತ್ರಿಯ ಊಟಕ್ಕೆ ಮಾಣಿಕ್ಯದ ಬಣ್ಣದ ತಿಳಿ ಬೋರ್ಶ್, ಅದರಲ್ಲಿ ಅಣಬೆ ತುಂಬಿದ, ಪುಟ್ಟ ಕಿವಿಯಂಥ ಕಡುಬು. ಅದಕ್ಕೆ ವಿನೆಗರೂ ಇಲ್ಲ, ನಿಂಬೆಯೂ ಇಲ್ಲ. ಬೀಟ್ರೂಟನ್ನೇ ಬೆಳ್ಳುಳ್ಳಿ, ಪಲಾವಿನ ಎಲೆ, ಉಪ್ಪುನೀರಿನ ಜೊತೆ ಜಾಡಿಯಲ್ಲಿಟ್ಟು ದಿನಗಟ್ಟಲೆ ಹುಳಿ ಬರಿಸಿ ಆ ನೀರನ್ನು ಸೇರಿಸುತ್ತಾರೆ. ಇದೊಂದೂ ನನಗೆ ಗೊತ್ತಿರಲಿಲ್ಲ. ನಾನು ಸೇರಿದ ಮೊದಲ ಡಿಸೆಂಬರಿನಲ್ಲಿ, ಹಿಂದಿನ ಕೋಣೆಯ ಬಾಯ್ಲರ್ ಪಕ್ಕ ಬಟ್ಟೆ ಕಟ್ಟಿದ ಜಾಡಿ ಕಂಡೆ. ಬಟ್ಟೆ ಬಿಚ್ಚಿದರೆ ಗಪ್ಪೆಂದು ವಾಸನೆ, ಮೇಲೆ ನೊರೆ. ಅಯ್ಯೋ, ಯಾರೋ ಮರೆತು ಹಳಸಿ ಹೋಗಿದೆ ಎಂದುಕೊಂಡು ಸಿಂಕಿಗೆ ಚೆಲ್ಲಿ, ಜಾಡಿಯನ್ನು ಬಿಸಿನೀರಿನಲ್ಲಿ ಉಜ್ಜಿ ಫಳಫಳ ಹೊಳೆಯಿಸಿ ಬೋರಲು ಹಾಕಿದೆ. ಕೆಲಸ ಹೇಳಿಸಿಕೊಳ್ಳದೆ ಮಾಡಿದೆನಲ್ಲ ಎಂದು ಒಳಗೊಳಗೇ ಬೀಗಿದೆ ಕೂಡ.

ಪಾನಿ ಡನುತಾ ಬಂದವರು ಜಾಡಿ ನೋಡಿದರು. “ಇದರಲ್ಲಿದ್ದದ್ದು?”

“ಹಾಳಾಗಿತ್ತು. ಚೆಲ್ಲಿದೆ.”

ಅವರು ಆಲೂಗಡ್ಡೆ ಮೂಟೆಯ ಮೇಲೆ ಕೂತುಬಿಟ್ಟರು. ಹೊಸದು ಹುಳಿ ಬರಲು ದಿನ ಸಾಲದು. ಆರ್ಡರು ಆಗಲೇ ತೆಗೆದುಕೊಂಡಾಗಿತ್ತು. ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು. ಸ್ವಲ್ಪ ಹೊತ್ತಿನ ಮೇಲೆ ಎದ್ದು, “ಕೋಟು ಹಾಕ್ಕೋ,” ಎಂದರು. ಬ್ರೂಕ್ಲಿನ್ನಿನ ಗ್ರೀನ್‌ಪಾಯಿಂಟಿನಲ್ಲಿದ್ದ ಅವರ ತಂಗಿಯ ಮನೆಗೆ ಹೊರಟೆವು. ತಂಗಿ ತಮ್ಮ ಜಾಡಿಯಿಂದ ಅರ್ಧ ಬಗ್ಗಿಸಿಕೊಟ್ಟರು. ಹಿಂದಿರುಗುವಾಗ ಬಿಕ್ಯೂಇ ಹೆದ್ದಾರಿ ತುಂಬ ಟ್ರಾಫಿಕ್ಕು, ಹಿಮ ಬೇರೆ ಉದುರುತ್ತಿತ್ತು. ಪಕ್ಕದ ಮನೆಯಿಂದ ಹೆಪ್ಪು ತರುವವಳ ಹಾಗೆ ಜಾಡಿಯನ್ನು ಮಡಿಲಲ್ಲಿ ಹಿಡಿದು, ಅದರ ಮೇಲಿನಿಂದ ಸೀಟ್ ಬೆಲ್ಟ್ ಹಾಕಿಕೊಂಡು ಕೂತಿದ್ದೆ. ಕಣ್ಣಲ್ಲಿ ನೀರು ನಿಲ್ಲುತ್ತಿರಲಿಲ್ಲ.

“ಅಳಬೇಡ, ಸೂಪು ಉಪ್ಪಾಗುತ್ತೆ,” ಎಂದರು ಪಾನಿ ಡನುತಾ. “ನಿಮ್ಮಲ್ಲಿ ಏನನ್ನೂ ಹುಳಿ ಬರಿಸಲ್ವಾ?”

ಬರಿಸದೆ ಏನು! ದೋಸೆ ಹಿಟ್ಟು ಉಕ್ಕಿ ಪಾತ್ರೆಯಿಂದ ಹೊರಗೆ ಬಂದರೆ ಖುಷಿಪಡುವ ಜಾತಿ ನಮ್ಮದು. ನಮ್ಮ ಭಾಷೆಯಲ್ಲಿ ಹುಳಿ ಬಂದದ್ದು ಬೇರೆ, ಹಳಸಿದ್ದು ಬೇರೆ ಎಂದು ವಿವರಿಸಿದೆ. “ಹಾಗಾದ್ರೆ ಬೇರೆಯವರ ಜಾಡಿ ಮುಟ್ಟೋ ಮುಂಚೆ ಯಾವುದು ಅಂತ ಕೇಳು,” ಎಂದರು. ಕೆಲಸಕ್ಕೆ ಇಳಿಯುತ್ತಿರುವವರಿಗೆ ನನ್ನ ಕಡೆಯಿಂದ ಬುದ್ಧಿವಾದ ಎಂದರೆ ಅದೊಂದೇ. ಆ ವರ್ಷದ ಬೋರ್ಶಿನ ಗಂಡಾಂತರ ಅಲ್ಲಿಗೂ ಮುಗಿಯಲಿಲ್ಲ. ನಮ್ಮ ಸಾರಿಗೆ ಎಲ್ಲ ಹಾಕಿದ ಮೇಲೆ ಒಂದು ಕುದಿ ಬರಲೇಬೇಕಲ್ಲ. ಹುಳಿನೀರು ಬೆರೆಸಿ ನಾನು ಕುದಿಸಲು ಹೊರಟೆ. ಅವರು ಓಡಿಬಂದು ಒಲೆ ಆರಿಸದಿದ್ದರೆ ಮಾಣಿಕ್ಯವೆಲ್ಲ ಕಂದು ಬಣ್ಣಕ್ಕೆ ತಿರುಗುತ್ತಿತ್ತು. ಹುಳಿನೀರು ಬಿದ್ದ ಮೇಲೆ ಬಿಸಿ ಮಾಡಬೇಕು, ಕುದಿಸಬಾರದು.

ಹೀಗೇ ವರ್ಷಗಳು ಹೋದವು. ಕೆಲಸದ ರೀತಿ ಬದಲಾಯಿತು. ಮೊದಲು ಬೀಟ್ರೂಟ್ ಮೂಟೆಯಲ್ಲಿ ಮಣ್ಣು ಸಮೇತ ಬರುತ್ತಿತ್ತು, ವಾರವೆಲ್ಲ ನಮ್ಮ ಅಂಗೈ ಮದರಂಗಿ ಹಾಕಿದ ಹಾಗಿರುತ್ತಿತ್ತು. ಆಮೇಲೆ ಬೇಯಿಸಿ ಸಿಪ್ಪೆ ಸುಲಿದದ್ದು ಪ್ಲಾಸ್ಟಿಕ್ ಚೀಲದಲ್ಲಿ ಬರತೊಡಗಿತು. ಪಾನಿ ಡನುತಾ ಒಮ್ಮೆ ತರಿಸಿ, ರುಚಿ ನೋಡಿ, “ಇದು ಆಸ್ಪತ್ರೆಯಲ್ಲಿ ಬೆಳೆದಿದೆ,” ಎಂದು ವಾಪಸು ಕಳಿಸಿದರು. ಇಡಿಯಾಗಿ ಅವನ್‌ನಲ್ಲಿ ಸುಟ್ಟರೆ ಸಿಹಿ ಕೂಡಿಬರುತ್ತದೆ ಎಂದು ಕಂಡುಕೊಂಡ ಮೇಲೆ ನೀರಿನಲ್ಲಿ ಬೇಯಿಸುವುದನ್ನು ಬಿಟ್ಟೆವು. ಫೋನಿನಲ್ಲಿ ಆರ್ಡರು ಬಂತು, ತಿನ್ನುವ ಮುಂಚೆ ಫೋಟೋ ತೆಗೆಯುವವರು ಬಂದರು. ನನ್ನ ಮಾಂಸವಿಲ್ಲದ ಬೋರ್ಶಿಗೆ ‘ವೀಗನ್’, ಅಂದರೆ ಹಾಲುಮೊಸರೂ ಸೋಕದ್ದು, ಎಂಬ ಚೀಟಿ ಅಂಟಿತು, ಜನ ದೂರದೂರದಿಂದ ಬರತೊಡಗಿದರು. ನಮ್ಮತ್ತೆ ಬದುಕಿದ್ದರೆ ತಾವೂ ವೀಗನ್ ಇರಬಹುದೆಂದು ಹೆದರುತ್ತಿದ್ದರು, ಆಮೇಲೆ ಮಜ್ಜಿಗೆ ಬಿಡಬೇಕು ಎಂದರೆ ಸಿಟ್ಟಾಗುತ್ತಿದ್ದರು.

ಆಮೇಲೆ ಆ ಕಾಯಿಲೆ ಬಂತು. ಊರೆಲ್ಲ ಬಾಗಿಲು ಹಾಕಿ ಕೂತ ಕಾಲ ನಿಮಗೆಲ್ಲ ನೆನಪಿದೆ. ಪಾನಿ ಡನುತಾ ಅದರಲ್ಲಿ ಮಲಗಿ ಎದ್ದರು. ಮತ್ತೆ ಅಂಗಡಿ ತೆರೆದಾಗ ಮೊದಲಿನ ಹಾಗೆಯೇ ಓಡಾಡಿಕೊಂಡಿದ್ದರು. ನಾನು ನೆಮ್ಮದಿಯಾಗಿದ್ದೆ.

ಒಂದು ದಿನ ಉಕ್ರೇನಿನ ಬೋರ್ಶ್ ಒಲೆಯ ಮೇಲಿತ್ತು. ಯಾವುದೋ ಫೋನ್ ಬಂದು ನಾನು ವಿನೆಗರ್ ಹಾಕುವುದನ್ನು ಮರೆತಿದ್ದೆ. ಬಣ್ಣ ನೋಡಿ ನನಗೇ ಅನುಮಾನ. ಕೆಂಪಗಿರಬೇಕಾದದ್ದು ನೇರಳೆಗೆ ತಿರುಗಿತ್ತು. ಅಷ್ಟರಲ್ಲಿ ಪಾನಿ ಡನುತಾ ಹೊಸ ಚಮಚದಿಂದ ಬಾಯಿಗೆ ಹಾಕಿಕೊಂಡು, “ನೈಸ್,” ಎಂದರು.

ನಾನು ಸೌಟು ಕೆಳಗಿಟ್ಟೆ. ಅಷ್ಟು ವರ್ಷದಲ್ಲಿ ಆ ಬಾಯಿಂದ ಆ ಮಾತು ಕೇಳಿರಲಿಲ್ಲ. ನಾನು ಅವರ ಮುಖ ನೋಡಿದೆ, ಅವರು ನೆಲ ನೋಡಿದರು.

“ಎಷ್ಟು ದಿನದಿಂದ?” ಎಂದು ಕೇಳಿದೆ.

“ಎದ್ದಾಗಿನಿಂದ. ವಾಸನೆಯೂ ಇಲ್ಲ, ರುಚಿಯೂ ಇಲ್ಲ. ಕಾಫಿ ಕುಡಿದರೆ ಬಿಸಿನೀರು. ಬರುತ್ತೆ ಬರುತ್ತೆ ಅಂತ ಡಾಕ್ಟರ್ ಹೇಳ್ತಾರೆ.” ತಮ್ಮ ಜೇಬಿನ ಚಮಚ ತೆಗೆದು ಮೇಜಿನ ಮೇಲಿಟ್ಟರು. “ನಾಲಿಗೆ ಇಲ್ಲದವಳು ಯಾವ ಸೀಮೆ ಅಡುಗೆಯವಳು, ವಿಶಾ? ಪಕ್ಕದ ಅಂಗಡಿಯವರು ಈ ಜಾಗ ಕೇಳ್ತಿದ್ದಾರೆ. ಕೊಟ್ಟುಬಿಡ್ತೀನಿ.”

ಅಂದಿನಿಂದ ಅವರು ಸೌಟು ಮುಟ್ಟಲಿಲ್ಲ. ತರಕಾರಿ ಹೆಚ್ಚುತ್ತಿದ್ದರು, ಗಿರಾಕಿಗಳನ್ನು ನೋಡಿಕೊಳ್ಳುತ್ತಿದ್ದರು, ಒಲೆಯ ಹತ್ತಿರ ಬಂದರೆ ಮುಖ ಆ ಕಡೆ ತಿರುಗಿಸುತ್ತಿದ್ದರು. ರುಚಿ ನೋಡುವವರಿಲ್ಲದ್ದರಿಂದ ಮಾಂಸದ ಬೋರ್ಶ್ ನಿಲ್ಲಿಸಿದೆವು. ನನ್ನ ಕೈಗೆ ಬಂದದ್ದನ್ನಷ್ಟೇ ಮಾಡಿ ಮಾರುತ್ತಿದ್ದೆ. ಅವರ ಸುಮ್ಮನಿರುವಿಕೆ ನನಗೆ ತಡೆಯಲಾಗುತ್ತಿರಲಿಲ್ಲ. ನನಗೆ ಕೆಲಸ ಕೊಟ್ಟವರು, ನನ್ನ ದೇವರನ್ನು ಅಡುಗೆಮನೆಗೆ ಸೇರಿಸಿಕೊಂಡವರು, ಹೀಗೆ ಬಾಡಿ ಕೂತರೆ ಹೇಗೆ?

ಕಡೆಗೆ ಒಂದು ಬೆಳಗ್ಗೆ ಹೇಳಿಯೇಬಿಟ್ಟೆ. “ಪಾನಿ ಡನುತಾ, ನಾನು ಇಲ್ಲಿಗೆ ಬಂದಾಗಿನಿಂದ ನಾಲಿಗೆ ಇಲ್ಲದೇ ಅಡುಗೆ ಮಾಡ್ತಿದ್ದೀನಿ. ನೀವ್ಯಾಕೆ ಮಾಡಬಾರದು?”

“ಅದು ನಿನ್ನ ದೇವರಿಗೆ. ಅವನು ದೂರು ಹೇಳಲ್ಲ.”

“ಅವನು ಹೇಳಲ್ಲ. ನಮ್ಮತ್ತೆ ಹೇಳ್ತಿದ್ರು.”

ಎಷ್ಟೋ ದಿನಗಳ ಮೇಲೆ ನಕ್ಕರು. ಅವರ ಅಂಗೈ ಬಿಡಿಸಿ ಗುಳಿಯಲ್ಲಿ ಉಪ್ಪು ಸುರಿದೆ. ಇಷ್ಟು ಭಾರ ಈ ಪಾತ್ರೆಗೆ, ಮುಷ್ಟಿ ಕಟ್ಟಿ ನೋಡಿ ಎಂದೆ. ಬಿಳಿ ತಟ್ಟೆಯ ಮೇಲೆ ಬೋರ್ಶಿನ ತೊಟ್ಟು ಬಿಟ್ಟು ಹುಳಿ ಬಿದ್ದದ್ದಕ್ಕೂ ಬೀಳದ್ದಕ್ಕೂ ಬಣ್ಣ ತೋರಿಸಿದೆ. ಒಲೆಯ ಸದ್ದು ಕೇಳಿಸಿದೆ. ಹುಳಿನೀರನ್ನು ಬಾಯಿಗೆ ಹಾಕಿಕೊಂಡು ನೋಡಿ, ರುಚಿ ಬೇಡ, ಹಲ್ಲು ಜುಮ್ ಅನ್ನುತ್ತಾ ಹೇಳಿ ಎಂದೆ. ಅವರು ಕಣ್ಣು ಮುಚ್ಚಿ ಕೂತರು. ದವಡೆಯ ಮೂಲೆಗೆ ಬೆರಳಿಟ್ಟುಕೊಂಡು, “ಇಲ್ಲಿ. ಇಲ್ಲಿ ಇದೆ,” ಎಂದರು. ಬೆರಳು ತೆಗೆಯದೆಯೇ ಹೇಳಿದರು: “ನಮ್ಮಮ್ಮ ಕ್ರಿಸ್ಮಸ್ ಹಿಂದಿನ ದಿನ ನಕ್ಷತ್ರ ಕಾಣೋವರೆಗೆ ಏನೂ ಬಾಯಿಗೆ ಹಾಕ್ತಿರಲಿಲ್ಲ. ಆ ದಿನದ ಬೋರ್ಶನ್ನ ರುಚಿ ನೋಡದೇ ಮಾಡ್ತಿದ್ದಳು. ನಾನು ಮರೆತೇಬಿಟ್ಟಿದ್ದೆ, ವಿಶಾ.”

ಹಾಗೆ ತೀರ್ಮಾನವಾಯಿತು. ಆ ವರ್ಷದ ಕ್ರಿಸ್ಮಸ್ ಬೋರ್ಶನ್ನು ಅವರೇ ಮಾಡುವುದು. ಸರಿ ಬಂದರೆ ಅಂಗಡಿ ಉಳಿಯುತ್ತದೆ, ಇಲ್ಲದಿದ್ದರೆ ಜಾಗ ಪಕ್ಕದವರಿಗೆ. ಒಂದೇ ಒಂದು ಷರತ್ತು ಹಾಕಿದರು. ಗಿರಾಕಿಗೆ ಕೊಡುವ ಮುಂಚೆ ಯಾರಾದರೂ ರುಚಿ ನೋಡಲೇಬೇಕು. “ಅದರಲ್ಲಿ ಮಾಂಸ ಇಲ್ಲ. ನೀನು ನೋಡ್ತೀಯ.”

ಮನೆಗೆ ಬಂದು ಯಜಮಾನರ ಹತ್ತಿರ ಹೇಳಿಕೊಂಡೆ. ಎಲ್ಲ ಬಡಿಸಿ ಮುಗಿದ ಮೇಲೆ ನಾನೂ ಆ ಬೋರ್ಶನ್ನು ಪ್ರತಿ ವರ್ಷ ಕುಡಿದವಳೇ, ಹೇಗಿರಬೇಕು ಎಂದು ಗೊತ್ತು. ಆದರೆ ಬಡಿಸುವ ಮುಂಚೆ, ಒಲೆಯ ಮುಂದೆ ನಿಂತು ಬಾಯಿಗೆ ಹಾಕುವುದೆಂದರೆ ಮನಸ್ಸು ಹಿಂಜರಿಯುತ್ತಿತ್ತು. ಅವರು, “ಅಷ್ಟು ವರ್ಷ ನಿನಗೋಸ್ಕರ ಅವರು ನೋಡಿದ್ರಲ್ಲ. ಒಂದ್ಸಲ ನೀನು ನೋಡೇ. ದೇವರಿಗೆ ಅಷ್ಟೂ ಅರ್ಥ ಆಗಲ್ವಾ?” ಎಂದರು. ಈ ಮನುಷ್ಯ ಅಪರೂಪಕ್ಕೆ ಸರಿಯಾದ ಮಾತು ಆಡುತ್ತಾರೆ, ಆಗ ನನಗೆ ಬಹಳ ಹೆಮ್ಮೆಯಾಗುತ್ತದೆ.

ಆ ದಿನ ಬೆಳಗಿನಿಂದ ಪಾನಿ ಡನುತಾ ಯಾರನ್ನೂ ಒಲೆಯ ಹತ್ತಿರ ಬಿಡಲಿಲ್ಲ. ಹುಳಿನೀರು ಹಾಕುವಾಗ ಬಗ್ಗಿ ಸದ್ದು ಕೇಳಿದರು. ಬಿಳಿ ತಟ್ಟೆಯ ಮೇಲೆ ತೊಟ್ಟು ಬಿಟ್ಟು ಕಿಟಕಿಯ ಬೆಳಕಿಗೆ ಹಿಡಿದರು. ಹೊರಗೆ ಡಬ್ಬಿ ಹಿಡಿದುಕೊಂಡ ಜನರ ಸಾಲು ಗ್ಯಾರೇಜು ದಾಟಿತ್ತು. ಎಲ್ಲ ಮುಗಿಸಿ ಒಲೆ ಆರಿಸಿ, ನನ್ನನ್ನು ಕರೆದು, ಹೊಸ ಚಮಚ ಕೊಟ್ಟು ಎದುರಿಗೆ ನಿಂತರು.

ನಾನು ಮನಸ್ಸಿನಲ್ಲೇ ದೇವರಿಗೆ ಕೈಮುಗಿದು ಬಾಯಿಗೆ ಹಾಕಿಕೊಂಡೆ. ಹುಳಿ ಹದವಾಗಿತ್ತು, ಬೆಳ್ಳುಳ್ಳಿ ಹದವಾಗಿತ್ತು. ಅಣಬೆಯ ಘಮ, ಹಿಂದೆಯೇ ಬೀಟ್ರೂಟಿನ ಸಿಹಿ. ಉಪ್ಪು ಮಾತ್ರ ಸಾಲದಾಗಿತ್ತು. ಸ್ವಲ್ಪವಲ್ಲ, ಚೆನ್ನಾಗಿಯೇ ಸಾಲದಾಗಿತ್ತು.

ತಲೆ ಎತ್ತಿದರೆ ಅವರ ಕಣ್ಣು ನನ್ನ ಬಾಯಿಯ ಮೇಲೆ. ‘ನೈಸ್’ ಎಂದುಬಿಡುವುದು ಎಷ್ಟು ಸುಲಭ! ಅವರು ಕೌಂಟರಿನ ಕಡೆ ಹೋದಾಗ ನಾನೇ ಒಂದು ಹಿಡಿ ಉಪ್ಪು ಹಾಕಿ ಕಲಕಿದರೆ ಮುಗಿಯಿತು. ಅಂಗಡಿ ಉಳಿಯುತ್ತದೆ, ಅವರೂ ಉಳಿಯುತ್ತಾರೆ, ಯಾರಿಗೂ ತಿಳಿಯುವುದಿಲ್ಲ. ಆದರೆ ಅಷ್ಟು ವರ್ಷ ನನ್ನ ಪ್ರತಿಯೊಂದು ಪಾತ್ರೆಗೂ ನಿಜ ಹೇಳಿದ ನಾಲಿಗೆಗೆ ನಾನು ಸುಳ್ಳು ಹೇಳಲಾರದೆ ಹೋ‍ದೆ.

“ಉಪ್ಪು ಕಡಿಮೆ, ಪಾನಿ ಡನುತಾ,” ಎಂದೆ.

ಅವರು ಬೆನ್ನ ಹಿಂದೆ ಇಟ್ಟುಕೊಂಡಿದ್ದ ಕೈಯನ್ನು ಮುಂದೆ ತಂದು ಮುಷ್ಟಿ ಬಿಚ್ಚಿದರು. ಅಂಗೈಯ ಗುಳಿಯ ತುಂಬ ಉಪ್ಪು, ಬೆವರಿಗೆ ಆಗಲೇ ಒದ್ದೆಯಾಗಿತ್ತು.

“ಇದನ್ನ ಹಾಕದೇ ಇಟ್ಟುಕೊಂಡಿದ್ದೆ. ನೀನು ನೈಸ್ ಅಂದಿದ್ರೆ ಇವತ್ತೇ ಅಂಗಡಿ ಮಾರ್ತಿದ್ದೆ,” ಎಂದರು. “ಕೈ ನನಗೆ ಬಂತು. ನಿನಗೆ ನಾಲಿಗೆ ಇದೆಯಾ ಅಂತ ನೋಡಬೇಕಿತ್ತು.”

ಉಪ್ಪನ್ನು ಪಾತ್ರೆಗೆ ಸುರಿದು ಸೌಟು ಆಡಿಸಿದರು. ಅಂಗಡಿ ಮಾರಲಿಲ್ಲ. ಇನ್ನೂ ಕೆಲವು ವರ್ಷ ಅವರ ಕೈ, ನನ್ನ ನಾಲಿಗೆ ಎಂದು ನಡೆಸಿ, ತಂಗಿಯ ಮಗಳಿಗೆ ಒಪ್ಪಿಸಿ, ಇಬ್ಬರೂ ಒಂದೇ ದಿನ ಏಪ್ರನ್ ಕಳಚಿದೆವು. ಅವರ ರುಚಿ ಅರ್ಧಂಬರ್ಧ ಮರಳಿತು. ಈಗಲೂ ಭಾನುವಾರ ಫೋನ್ ಮಾಡಿ ಕಾಫಿ ಇವತ್ತು ಕಾಫಿಯ ಹಾಗಿತ್ತು ಎಂದು ವರದಿ ಕೊಡುತ್ತಾರೆ. ಆ ಅಡುಗೆಮನೆ ನನಗೆ ಕೊಟ್ಟದ್ದಕ್ಕೆ ನಾನು ಯಾವ ಜನ್ಮದಲ್ಲೂ ಮರಳಿ ಕೊಡಲಾರೆ. ಕೃತಜ್ಞತೆ ಎಂಬ ಮಾತಿನ ಅರ್ಥ ನಾನು ತಿಳಿದದ್ದು ಅಲ್ಲಿಯೇ.

ಆದರೆ ಆ ಬೆಳಗಿನದನ್ನು ಪೂರ್ತಿ ಹೇಳಬೇಕಲ್ಲ. ಉಪ್ಪು ಕರಗಿತೇ ಎಂದು ನೋಡುವ ಆತುರಕ್ಕೆ, ಕಣ್ಣೊರೆಸಿಕೊಳ್ಳುತ್ತ, ಕೈಯಲ್ಲಿದ್ದ ಚಮಚವನ್ನೇ ಮತ್ತೆ ಪಾತ್ರೆಯ ಕಡೆ ಚಾಚಿದೆ.

“ವಿಶಾ! ಎಂಜಲು!”

ಹೊರಗೆ ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಎಷ್ಟು ತಿಂಗಳಾಗಿತ್ತು ಆ ಗುಡುಗು ಕೇಳಿ! ನಾನು ಚಮಚವನ್ನು ಎರಡನೆಯ ಡಬ್ಬಿಗೆ ಹಾಕಿ ಹೊಸದೊಂದನ್ನು ತೆಗೆದುಕೊಂಡೆ.